ಜಪಾನಿನ ಬುಲೆಟ್ ಟ್ರೇನು: ಟಿಕೆಟ್ ತೆಗೆದುಕೊಳ್ಳುವುದರಿಂದ ಇಳಿಯುವವರೆಗೆ

ಟೋಕಿಯೋ ಸ್ಟೇಷನ್ನಿನ ಗೇಟಿನಲ್ಲಿ ನಮ್ಮಮ್ಮ ಸಿಕ್ಕಿಹಾಕಿಕೊಂಡಳು. ಕೈಯಲ್ಲಿ ಎರಡು ಟಿಕೆಟ್ ಇತ್ತು. ಒಂದನ್ನು ಗೇಟಿನ ಸಂದಿಗೆ ತೂರಿಸಿ ಇನ್ನೊಂದನ್ನು ಜೋಪಾನವಾಗಿ ಪರ್ಸಿಗೆ ಹಾಕಿಕೊಂಡಳು. ಗೇಟು ಟಪ್ ಅಂತ ಮುಚ್ಚಿಕೊಂಡು ಕೂಗಲು ಶುರು ಮಾಡಿತು. ಹಿಂದೆ ಸೂಟು ಹಾಕಿಕೊಂಡ ಆಫೀಸಿನವರ ಸಾಲು, ಒಬ್ಬರೂ ಚಕಾರ ಎತ್ತಲಿಲ್ಲ, ಅದೇ ಇನ್ನೂ ಜಾಸ್ತಿ ಮುಜುಗರ. ಪಕ್ಕದ ಕಿಟಕಿಯಿಂದ ಸಿಬ್ಬಂದಿಯೊಬ್ಬರು ಓಡಿ ಬಂದು, ಎರಡೂ ಟಿಕೆಟ್‌ಗಳನ್ನು ಒಂದರ ಮೇಲೊಂದು ಇಟ್ಟು ತೂರಿಸಿದರು. ಗೇಟಿನ ಆ ತುದಿಯಲ್ಲಿ ಎರಡೂ ಜೊತೆಯಾಗಿ ತಲೆ ಎತ್ತಿಕೊಂಡು ನಿಂತವು. "ಒಂದೇ ಸಲ ಹಾಕೋದಾದ್ರೆ ಎರಡು ಯಾಕೆ ಕೊಡ್ತಾರೆ?" ಅಂತ ಅಮ್ಮ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಇದೆ. ಶಿಂಕಾನ್ಸೆನ್, ಅಂದರೆ ಈ ಬುಲೆಟ್ ಟ್ರೇನು, ಹತ್ತುವುದು ಕಷ್ಟದ ಕೆಲಸ ಅಲ್ಲವೇ ಅಲ್ಲ, ಆದರೆ ನಮ್ಮ ರೈಲಿನಲ್ಲಿ ಓಡಾಡಿ ಮೈಗೂಡಿದ ಅಭ್ಯಾಸಗಳೇ ಅಲ್ಲಿ ಕಾಲಿಗೆ ತೊಡರುತ್ತವೆ. ಸೀಟು ಸಿಗುತ್ತೋ ಇಲ್ಲವೋ ಅನ್ನುವ ಭಯ, ಒಂದು ಗಂಟೆ ಮುಂಚೆ ಸ್ಟೇಷನ್ ಸೇರುವ ಅವಸರ, ಊರು ಬಿಟ್ಟು ಹೋಗುವ ಹಾಗೆ ಕಟ್ಟಿದ ಲಗೇಜು. ಮೊದಲ ಎರಡನ್ನು ಮನೆಯಲ್ಲೇ ಬಿಟ್ಟು ಹೋಗಬಹುದು. ಮೂರನೆಯದಕ್ಕೆ ಮಾತ್ರ ಸ್ವಲ್ಪ ತಯಾರಿ ಬೇಕು.

ಮೊದಲು ಗಾಡಿಗಳ ಹೆಸರು

ಹೆಚ್ಚಿನವರು ಹೋಗುವುದು ಟೋಕಿಯೋದಿಂದ ಕ್ಯೋಟೋ, ಒಸಾಕಾ ಕಡೆಗೆ. ಇದು ತೊಕಾಯ್ದೊ ಮಾರ್ಗ. 1964ರ ಅಕ್ಟೋಬರ್ 1ರಂದು, ಟೋಕಿಯೋ ಒಲಿಂಪಿಕ್ಸ್‌ಗೆ ಕೆಲವೇ ದಿನ ಮುಂಚೆ ಶುರುವಾದ ಮೊದಲ ಮಾರ್ಗವೂ ಇದೇ. ಆಗ ಗಂಟೆಗೆ 210 ಕಿಲೋಮೀಟರ್ ಓಡುತ್ತಿತ್ತು, ಈಗ 285. ಈ ಹಳಿಯ ಮೇಲೆ ಮೂರು ಥರದ ಗಾಡಿಗಳಿವೆ. ನೊಜೊಮಿ ದೊಡ್ಡ ಊರುಗಳಲ್ಲಿ ಮಾತ್ರ ನಿಲ್ಲುತ್ತದೆ, ಟೋಕಿಯೋದಿಂದ ಕ್ಯೋಟೋಗೆ ಸುಮಾರು ಎರಡೂ ಕಾಲು ಗಂಟೆ. ಹಿಕಾರಿ ಇನ್ನಷ್ಟು ಕಡೆ ನಿಲ್ಲುತ್ತದೆ, ಎರಡೂ ಮುಕ್ಕಾಲು ಗಂಟೆ ಅಂದುಕೊಳ್ಳಿ. ಕೊದಾಮಾ ಅಂದರೆ ನಮ್ಮ ಪ್ಯಾಸೆಂಜರ್ ಗಾಡಿಯ ಹಾಗೆ, ಎಲ್ಲ ಸ್ಟೇಷನ್ನಿಗೂ ಕೈಮುಗಿದುಕೊಂಡು ಹೋಗುತ್ತದೆ, ಓಡುವಾಗ ಮಾತ್ರ ಬುಲೆಟ್ಟೇ.

ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ಹತ್ತಕ್ಕೂ ಜಾಸ್ತಿ ನೊಜೊಮಿ ಬಿಡುತ್ತಾರೆ. ಒಂದೊಂದಕ್ಕೂ 16 ಬೋಗಿ, 1,300ಕ್ಕೂ ಹೆಚ್ಚು ಸೀಟು. ಹಾಗಾಗಿ ಸೀಟು ಸಿಗುವುದಿಲ್ಲ ಅನ್ನುವ ಭಯ ಮಾಮೂಲಿ ದಿನಗಳಲ್ಲಿ ಸುಮ್ನೆ. ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ಚಾರ್ಟ್ ಆಗುವವರೆಗೆ ಉಗುರು ಕಚ್ಚುವುದಿಲ್ಲ. ಎಚ್ಚರ ಬೇಕಾಗುವುದು ಮೂರು ಸಮಯದಲ್ಲಿ: ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ರಜೆ, ಆಗಸ್ಟ್ ಮಧ್ಯದ ಒಬೊನ್ ಹಬ್ಬ, ಹೊಸ ವರ್ಷ. ಆಗ ಇಡೀ ಜಪಾನೇ ಊರಿಗೆ ಹೊರಟಿರುತ್ತದೆ, ನಮ್ಮ ದೀಪಾವಳಿ ವಾರಾಂತ್ಯದ ಮೆಜೆಸ್ಟಿಕ್ ನೆನಪಿಸಿಕೊಳ್ಳಿ.

ಪಾಸ್ ತೆಗೆದುಕೊಳ್ಳಬೇಕಾ?

ಐದಾರು ವರ್ಷದ ಹಿಂದೆ ಜಪಾನಿಗೆ ಹೋಗಿ ಬಂದ ನೆಂಟರು ಇದ್ದರೆ ಅವರು ಹೇಳುವ ಮೊದಲ ಮಾತು "ಜೆಆರ್ ಪಾಸ್ ತಗೊಂಡುಬಿಡು". ಜೆಆರ್ ಅಂದರೆ ಜಪಾನಿನ ರೈಲ್ವೆ, ಪಾಸು ಅಂದರೆ ಒಂದೇ ಸಲ ದುಡ್ಡು ಕಟ್ಟಿ ಇಷ್ಟು ದಿನ ಅಂತ ಅವರ ಗಾಡಿಗಳಲ್ಲಿ ಓಡಾಡುವ ಚೀಟಿ. ಅವರ ಕಾಲಕ್ಕೆ ಅದು ಸರಿಯೇ ಇತ್ತು. 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸು 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. 14 ದಿನದ್ದು 80,000, 21 ದಿನದ್ದು 1,00,000 ಆಯಿತು. ಹೊರಡುವ ಮುಂಚೆ ಆಗಿನ ಬೆಲೆ ಇನ್ನೊಮ್ಮೆ ನೋಡಿಕೊಳ್ಳಿ, ಇಳಿಯುವ ವಸ್ತುವಂತೂ ಅಲ್ಲ.

ಲೆಕ್ಕ ಹಾಕೋಣ. ಟೋಕಿಯೋದಿಂದ ಕ್ಯೋಟೋಗೆ ನೊಜೊಮಿಯಲ್ಲಿ ಕಾಯ್ದಿರಿಸಿದ ಸೀಟಿಗೆ ಸುಮಾರು 14,000 ಯೆನ್. ಹೋಗಿ ಬರಲು 28,000. ಅಲ್ಲಿಗೆ ಪಾಸು ನಷ್ಟ. ಹಿರೋಶಿಮಾ ಸೇರಿಸಿ ನೋಡಿ: ಟೋಕಿಯೋದಿಂದ ಕ್ಯೋಟೋ, ಅಲ್ಲಿಂದ ಹಿರೋಶಿಮಾ, ಹಿರೋಶಿಮಾದಿಂದ ನೇರ ವಾಪಸ್ ಟೋಕಿಯೋ, ಎಲ್ಲ ಸೇರಿ 45,000 ಯೆನ್ ಆಸುಪಾಸು. ಆಗಲೂ ಬಿಡಿ ಟಿಕೆಟ್ಟೇ ಅಗ್ಗ. ಇಷ್ಟರ ಮೇಲೆ ಪಾಸ್ ಇದ್ದವರಿಗೆ ನೊಜೊಮಿ ಪುಕ್ಕಟೆ ಇಲ್ಲ, ಬೇರೆ ದುಡ್ಡು ಕೊಡಬೇಕು, ಇಲ್ಲದಿದ್ದರೆ ಹಿಕಾರಿಗೆ ಕಾಯಬೇಕು. ಒಂದೇ ವಾರದಲ್ಲಿ ಟೋಕಿಯೋ, ಹಿರೋಶಿಮಾ, ಕನಜಾವಾ, ಸೆಂದಾಯ್ ಅಂತ ದಿಕ್ಕುದಿಕ್ಕಿಗೆ ಓಡುವವರಿಗೆ ಮಾತ್ರ ಪಾಸು ಗಿಟ್ಟುತ್ತದೆ. ಹಾಗೆ ಓಡಿದರೆ ನೋಡುವುದು ಏನು ಅನ್ನುವುದು ಬೇರೆ ಪ್ರಶ್ನೆ.

ಇನ್ನೊಂದು ವಿಷಯ. ಈ ಪಾಸು ಪ್ರವಾಸಿಯಾಗಿ, ಅಂದರೆ ಅಲ್ಪಾವಧಿ ಭೇಟಿಯ ಮುದ್ರೆ ಪಾಸ್‌ಪೋರ್ಟಿಗೆ ಬಿದ್ದು ಬಂದವರಿಗೆ. ಟೋಕಿಯೋದಲ್ಲಿ ಕೆಲಸಕ್ಕಿರುವ ನಿಮ್ಮ ಮಗನೋ ಮಗಳೋ ಅಲ್ಲಿನ ನಿವಾಸಿ ಕಾರ್ಡ್ ಇಟ್ಟುಕೊಂಡಿದ್ದರೆ ಅವರಿಗೆ ಸಿಗುವುದಿಲ್ಲ. ಅಪ್ಪ ಅಮ್ಮನಿಗೆ ಪಾಸು ಕೊಡಿಸಿ, ಮಗ ಬಿಡಿ ಟಿಕೆಟ್ ಕೊಂಡು, ಅವರು ಹಿಕಾರಿಯಲ್ಲಿ ಇವನು ನೊಜೊಮಿಯಲ್ಲಿ ಆಗುವುದು ಬೇಡ, ಬುಕ್ ಮಾಡುವಾಗ ಎಲ್ಲರಿಗೂ ಒಂದೇ ಗಾಡಿ ನೋಡಿ.

ಮನೆಯಿಂದಲೇ ಬುಕ್ ಮಾಡುವುದು

ಟೋಕಿಯೋದಿಂದ ಕ್ಯೋಟೋ, ಒಸಾಕಾ, ಹಿರೋಶಿಮಾ, ಫುಕುಓಕಾವರೆಗೆ ನಾನು ಹೇಳುವುದು ಒಂದೇ ದಾರಿ: ಸ್ಮಾರ್ಟ್‌ಇಎಕ್ಸ್. ರೈಲ್ವೆಯವರದ್ದೇ ಸೇವೆ, ಇಂಗ್ಲಿಷ್‌ನಲ್ಲಿದೆ. ಆ್ಯಪ್ ನಿಮ್ಮ ಫೋನಿನಲ್ಲಿ ಸಿಗದಿದ್ದರೆ ವೆಬ್‌ಸೈಟಿನಲ್ಲೇ ಎಲ್ಲ ಮಾಡಬಹುದು. ಮಧ್ಯವರ್ತಿ ಆ್ಯಪ್‌ಗಳೂ ಇವೆ, ಕೆಲಸವೂ ಆಗುತ್ತದೆ, ಆದರೆ ಟಿಕೆಟ್ಟಿನ ಮೇಲೆ ಅವರ ಶುಲ್ಕ ಬೀಳುತ್ತದೆ, ಸಮಯ ಬದಲಿಸಬೇಕಾದರೆ ತಲೆನೋವು.

ಶುರು ಮಾಡುವ ಮುಂಚೆ ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ಅಂತರರಾಷ್ಟ್ರೀಯ ವ್ಯವಹಾರದ ಸ್ವಿಚ್ ಆನ್ ಮಾಡಿ. ಹೊಸ ಕಾರ್ಡುಗಳಲ್ಲಿ ಇದು ಆಫ್ ಆಗಿಯೇ ಬರುತ್ತದೆ. ನಾನು ಮರೆತಿದ್ದೆ. ಎರಡು ಸಲ ಪೇಮೆಂಟ್ ಬಿದ್ದುಹೋಯಿತು, ಜಪಾನಿನವರನ್ನು ಬೈದುಕೊಂಡೆ, ಆಮೇಲೆ ನೋಡಿದರೆ ತಪ್ಪು ನನ್ನದೇ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳಿ. ಒಟಿಪಿ ಬರುವುದು ನಿಮ್ಮ ಊರಿನ ಸಿಮ್‌ಗೆ ಅನ್ನುವುದು ನೆನಪಿರಲಿ. ಜಪಾನಿನಲ್ಲಿ ಕೂತು ಬುಕ್ ಮಾಡುವ ಯೋಚನೆ ಇದ್ದರೆ ರೋಮಿಂಗ್ ಆನ್ ಮಾಡಿಸಿಕೊಂಡೇ ಹೋಗಿ, ಅಲ್ಲಿಗೆ ಹೋಗಿ ಹೊಸ ಸಿಮ್ ಹಾಕಿ ಹಳೆಯದನ್ನು ಸೂಟ್‌ಕೇಸಿನ ಮೂಲೆಗೆ ಎಸೆದವರು ಹೋಟೆಲ್ ಕೋಣೆಯಲ್ಲಿ ಪಿನ್ನು ಹುಡುಕಿಕೊಂಡು ಕೂರುತ್ತಾರೆ.

ಸಾಮಾನ್ಯವಾಗಿ ಎಲ್ಲ ಸೀಟುಗಳೂ ತೆರೆಯುವುದು ಪ್ರಯಾಣಕ್ಕೆ ಒಂದು ತಿಂಗಳ ಮುಂಚೆ, ಜಪಾನಿನ ಬೆಳಗ್ಗೆ 10 ಗಂಟೆಗೆ. ನಮಗೆ ಅದು ಬೆಳಗ್ಗೆ 6:30, ಮೂರೂವರೆ ಗಂಟೆ ಅಂತರ. ಹತ್ತು ಗಂಟೆ ಅಂದ ತಕ್ಷಣ ತತ್ಕಾಲ್ ನೆನಪಾಗಿ ಎದೆ ಬಡಿದುಕೊಳ್ಳುವುದು ಬೇಡ. ಹಬ್ಬದ ಸಮಯ ಅಲ್ಲದಿದ್ದರೆ ಕಾಫಿ ಕುಡಿದು ನಿಧಾನಕ್ಕೆ ಮಾಡಿ, ಒಂದು ವಾರ ಬಿಟ್ಟು ಮಾಡಿದರೂ ನಡೆಯುತ್ತದೆ. ಬೇಗ ಮಾಡಿದರೆ ಸಿಗುವ ರಿಯಾಯಿತಿ ಟಿಕೆಟ್‌ಗಳೂ ಇವೆ, ಹೆಸರಿನಲ್ಲಿ ಹಯಾತೊಕು ಅಂತಿರುತ್ತದೆ. ಅಗ್ಗ, ಆದರೆ ಅವಕ್ಕೆ ಷರತ್ತು ಜಾಸ್ತಿ, ಓದಿಕೊಂಡೇ ಒತ್ತಿ.

ಕ್ರಮ ಹೀಗೆ. ಹೆಸರು, ಇಮೇಲ್, ಪಾಸ್‌ವರ್ಡ್, ಕಾರ್ಡ್ ವಿವರ ಕೊಟ್ಟು ಖಾತೆ ತೆರೆಯಿರಿ. ಖಾತೆಯ ಸಂಖ್ಯೆ ಒಂದು ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಹತ್ತುವ ಸ್ಟೇಷನ್, ಇಳಿಯುವ ಸ್ಟೇಷನ್, ದಿನ, ಹೊತ್ತು, ಎಷ್ಟು ಜನ ಅಂತ ಹಾಕಿ. ಇಲ್ಲೊಂದು ಎಡವುವ ಜಾಗ ಇದೆ, ಹುಷಾರು: ಶಿಂಕಾನ್ಸೆನ್ ಒಸಾಕಾ ಸ್ಟೇಷನ್ನಿಗೆ ಹೋಗುವುದಿಲ್ಲ, ಶಿನ್-ಒಸಾಕಾಗೆ ಹೋಗುತ್ತದೆ. ಶಿನ್ ಅಂದರೆ ಹೊಸದು. ಶಿನ್-ಯೊಕೊಹಾಮಾ, ಶಿನ್-ಕೋಬೆ ಎಲ್ಲ ಇದೇ ಜಾತಿ, ಊರಿನ ಹಳೆ ಸ್ಟೇಷನ್ನೇ ಬೇರೆ. ಅಲ್ಲಿಂದ ಊರೊಳಕ್ಕೆ ಇನ್ನೊಂದು ಲೋಕಲ್ ಗಾಡಿ ಹಿಡಿಯಬೇಕು.

ಆರು ವರ್ಷದೊಳಗಿನ ಮಕ್ಕಳಿಗೆ ಸೀಟು ಬೇಡ, ಮಡಿಲಲ್ಲೇ ಕೂರಿಸಿಕೊಳ್ಳುತ್ತೇವೆ ಅಂದರೆ ಟಿಕೆಟ್ ಬೇಕಾಗಿಲ್ಲ. ಆರರಿಂದ ಹನ್ನೊಂದರವರೆಗೆ ಅರ್ಧ.

ಆಮೇಲೆ ಸೀಟಿನ ನಕ್ಷೆ ಬರುತ್ತದೆ. ಮಾಮೂಲಿ ಬೋಗಿಯಲ್ಲಿ ಒಂದು ಕಡೆ ಎ, ಬಿ, ಸಿ, ನಡುವೆ ದಾರಿ, ಇನ್ನೊಂದು ಕಡೆ ಡಿ, ಇ. ಫುಜಿ ಪರ್ವತ ಕಾಣಬೇಕಾದರೆ ಇ. ಟೋಕಿಯೋದಿಂದ ಹೊರಟಾಗ ಅದು ಬಲಗಡೆ, ವಾಪಸ್ ಬರುವಾಗ ಎಡಗಡೆ, ಆದರೆ ಅಕ್ಷರ ಎರಡೂ ಸಲ ಇ ಅನ್ನುವುದೇ. ಟೋಕಿಯೋ ಬಿಟ್ಟು ಮುಕ್ಕಾಲು ಗಂಟೆ ಒಳಗೆ, ಶಿನ್-ಫುಜಿ ಸ್ಟೇಷನ್ ಹತ್ತಿರ. ಚಳಿಗಾಲದ ಬೆಳಗ್ಗೆ ಆದರೆ ಇಡೀ ಬೆಟ್ಟ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ, ಬೇಸಿಗೆಯಲ್ಲಿ ಮೋಡದ ಹಿಂದೆ ಅಡಗಿಕೊಂಡಿರುತ್ತದೆ, ದುಡ್ಡು ವಾಪಸ್ ಕೇಳುವ ಹಾಗಿಲ್ಲ. ಗ್ರೀನ್ ಕಾರ್ ಅಂದರೆ ಮೇಲ್ದರ್ಜೆ, ಅಲ್ಲಿ ಸಾಲಿಗೆ ನಾಲ್ಕೇ ಸೀಟು, ಹಾಗಾಗಿ ಫುಜಿ ಕಡೆಯ ಕಿಟಕಿ ಡಿ ಆಗುತ್ತದೆ. ನನ್ನ ಮಟ್ಟಿಗೆ ಗ್ರೀನ್ ಕಾರ್ ಬೇಕಿಲ್ಲ, ಮಾಮೂಲಿ ಸೀಟಿನಲ್ಲೇ ಕಾಲು ಚಾಚಿ ಕೂರಬಹುದು.

ದುಡ್ಡು ಕಟ್ಟಿದ ಮೇಲೆ ಗೇಟು ಹೇಗೆ ದಾಟುತ್ತೀರಿ ಅನ್ನುವುದನ್ನು ಆರಿಸಬೇಕು. ಒಂದು, ಕ್ಯೂಆರ್ ಕೋಡ್: ಫೋನಿನಲ್ಲಿ ತೋರಿಸಿದರಾಯಿತು, ಪ್ರಿಂಟ್ ತೆಗೆದುಕೊಂಡರೂ ಆಯಿತು. ಒಬ್ಬೊಬ್ಬರಿಗೂ ಬೇರೆ ಬೇರೆ ಕೋಡ್. ಇನ್ನೊಂದು, ಲೋಕಲ್ ಗಾಡಿಗಳಿಗೆ ಬಳಸುವ ಸುಯಿಕಾ ಥರದ ಕಾರ್ಡಿನ ಹಿಂದಿರುವ ಸಂಖ್ಯೆಯನ್ನು ಬುಕಿಂಗ್‌ಗೆ ಜೋಡಿಸುವುದು, ಆಗ ಅದೇ ಕಾರ್ಡ್ ತಾಗಿಸಿ ಒಳಗೆ ಹೋಗಬಹುದು. ಜೋಡಿಸದೆ ಸುಮ್ನೆ ಸುಯಿಕಾ ತಾಗಿಸಿ ತೊಕಾಯ್ದೊ ಶಿಂಕಾನ್ಸೆನ್ ಹತ್ತುತ್ತೇನೆ, ದುಡ್ಡು ಅದರಿಂದಲೇ ಕಟ್ ಆಗುತ್ತೆ ಅಂದುಕೊಳ್ಳಬೇಡಿ. ಅದು ನಮ್ಮ ಮೆಟ್ರೋ ಅಲ್ಲ.

ಸಮಯ ಬದಲಿಸಬೇಕು ಅನಿಸಿದರೆ, ಗಾಡಿ ಹೊರಡುವ ಮುಂಚೆ, ಗೇಟು ದಾಟುವ ಮುಂಚೆ, ಮಾಮೂಲಿ ಸ್ಮಾರ್ಟ್‌ಇಎಕ್ಸ್ ಟಿಕೆಟ್ಟನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಶುಲ್ಕ ಇಲ್ಲ. ರದ್ದು ಮಾಡಿದರೂ ಹೋಗುವುದು ಮುನ್ನೂರು ಚಿಲ್ಲರೆ ಯೆನ್. ಕ್ಯೋಟೋದಲ್ಲಿ ದೇವಸ್ಥಾನದ ಮೆಟ್ಟಿಲ ಮೇಲೆ ಅಮ್ಮ ಇನ್ನೂ ಸ್ವಲ್ಪ ಹೊತ್ತು ಕೂರೋಣ ಅಂದಳು, ಅಲ್ಲೇ ನಿಂತು ನಾಲ್ಕು ಗಂಟೆಯ ಗಾಡಿಯನ್ನು ಐದೂವರೆಗೆ ತಳ್ಳಿದೆ. ಈ ಒಂದು ಸೌಲಭ್ಯಕ್ಕೇ ನಾನು ಸ್ಮಾರ್ಟ್‌ಇಎಕ್ಸ್ ಪಕ್ಷ.

ಉತ್ತರಕ್ಕೆ ಹೋಗುವವರು, ಅಂದರೆ ಸೆಂದಾಯ್, ಅಓಮೊರಿ, ನಾಗಾನೊ, ಕನಜಾವಾ ಕಡೆಗೆ, ಬೇರೆ ಸೈಟ್ ಬಳಸಬೇಕು: ಆ ಭಾಗದ ರೈಲ್ವೆ ಕಂಪನಿ ಜೆಆರ್ ಈಸ್ಟ್‌ನವರ ಎಕಿನೆಟ್. ಕ್ರಮ ಹೆಚ್ಚುಕಡಿಮೆ ಅದೇ. ಆ ಕಡೆಯ ಹಯಬುಸಾ, ಕೊಮಾಚಿ, ಕಗಯಾಕಿ ಗಾಡಿಗಳಲ್ಲಿ ಕಾಯ್ದಿರಿಸದ ಬೋಗಿಯೇ ಇಲ್ಲ, ಸೀಟು ಮುಂಚೆಯೇ ತೆಗೆದುಕೊಳ್ಳಿ. ವೇಗದ ಹುಚ್ಚಿದ್ದವರಿಗೆ ಹಯಬುಸಾ ಸರಿ, ಉತ್ಸುನೊಮಿಯಾದಿಂದ ಮೊರಿಓಕಾ ನಡುವೆ 320 ಮುಟ್ಟುತ್ತದೆ.

ಸ್ಟೇಷನ್ನಿನಲ್ಲೇ ಕೊಂಡರೆ

ಯಾವುದೂ ಬೇಡ, ಅಲ್ಲಿಗೇ ಹೋಗಿ ಕೊಳ್ಳುತ್ತೇನೆ ಅಂದರೂ ಆಗುತ್ತದೆ. ಯಂತ್ರಗಳಲ್ಲಿ ಇಂಗ್ಲಿಷ್ ಗುಂಡಿ ಇದೆ, ನೋಟು ಹಾಕಬಹುದು. ಕೌಂಟರ್ ಬೇಕಾದರೆ ಹಸಿರು ಫಲಕ ನೋಡಿ, ಸಾಲು ಮಾತ್ರ ಉದ್ದ ಇರುತ್ತದೆ. ದಿನ, ಹೊತ್ತು, ಗಾಡಿ, ಜನ ಇಷ್ಟನ್ನು ಚೀಟಿಯಲ್ಲಿ ಬರೆದು ತೋರಿಸಿದರೆ ಅರ್ಧ ಮಾತು ಉಳಿಯುತ್ತದೆ.

ಈಗ ಅಮ್ಮನ ಪ್ರಶ್ನೆಗೆ ಉತ್ತರ. ಕಾಗದದ ಟಿಕೆಟ್ ಕೊಂಡರೆ ಒಂದು ಪ್ರಯಾಣದ ಮೂಲ ದರದ್ದು, ಅಂದರೆ ಇಲ್ಲಿಂದ ಅಲ್ಲಿಗೆ ಹಳಿಯ ಮೇಲೆ ಹೋಗುವ ಹಕ್ಕು. ಇನ್ನೊಂದು ವೇಗದ ಗಾಡಿಗೆ ಕೊಡುವ ಹೆಚ್ಚುವರಿ ದರದ್ದು, ಸೀಟು ನಂಬರ್ ಇರುವುದು ಇದರಲ್ಲಿ. ನಮ್ಮಲ್ಲಿ ಸೂಪರ್‌ಫಾಸ್ಟ್ ಶುಲ್ಕವನ್ನು ಟಿಕೆಟ್ಟಿನಲ್ಲೇ ಸೇರಿಸಿಬಿಡುತ್ತಾರಲ್ವಾ, ಅಲ್ಲಿ ಅದಕ್ಕೇ ಬೇರೆ ಚೀಟಿ. ಕೆಲವು ಸಲ ಎರಡನ್ನೂ ಒಂದೇ ಚೀಟಿಯಲ್ಲಿ ಮುದ್ರಿಸಿ ಕೊಡುತ್ತಾರೆ, ಗಾಬರಿಯಾಗಬೇಡಿ.

ಕಾಗದದ ಟಿಕೆಟ್ಟಿಗೆ ಒಂದು ಲಾಭ ಇದೆ. 200 ಕಿಲೋಮೀಟರ್‌ಗಿಂತ ದೂರದ ಪ್ರಯಾಣವಾದರೆ ಮೂಲ ದರದ ಟಿಕೆಟ್ಟಿನಲ್ಲಿ ಟೋಕಿಯೋದ 23 ವಾರ್ಡುಗಳ ಒಳಗಿನ ಯಾವ ಜೆಆರ್ ಸ್ಟೇಷನ್ನಿನಿಂದ ಬೇಕಾದರೂ ಶುರು ಮಾಡಬಹುದು. ಶಿಂಜುಕುನಲ್ಲಿ ಹೋಟೆಲ್ ಇದ್ದರೆ ಅಲ್ಲಿಂದ ಟೋಕಿಯೋ ಸ್ಟೇಷನ್ನಿನವರೆಗಿನ ಲೋಕಲ್ ಗಾಡಿಗೆ ಬೇರೆ ಕಾಸು ಕೊಡಬೇಕಿಲ್ಲ. ಸ್ಮಾರ್ಟ್‌ಇಎಕ್ಸ್‌ನಲ್ಲಿ ಈ ಲಾಭ ಇಲ್ಲ, ಶಿಂಕಾನ್ಸೆನ್ ಸ್ಟೇಷನ್ನಿಂದ ಶಿಂಕಾನ್ಸೆನ್ ಸ್ಟೇಷನ್ನಿಗಷ್ಟೇ. ಉಳಿಯುವುದು ಇನ್ನೂರು ಯೆನ್ ಆಸುಪಾಸು, ಅದಕ್ಕಾಗಿ ಸಾಲಿನಲ್ಲಿ ನಿಲ್ಲುವವನು ನಾನಲ್ಲ.

ಸೀಟು ಕಾಯ್ದಿರಿಸದ ಬೋಗಿಯೂ ಇರುತ್ತದೆ, ಜಿಯೂಸೆಕಿ ಅಂತಾರೆ. ಮೊದಲು ಬಂದವರಿಗೆ ಸೀಟು, ತಡವಾದವರಿಗೆ ನಿಲ್ಲುವ ಭಾಗ್ಯ. ನೊಜೊಮಿಯಲ್ಲಿ ಇಂಥ ಬೋಗಿಗಳು ಈಗ ಎರಡಕ್ಕೆ ಇಳಿದಿವೆ, ಹಬ್ಬದ ದಟ್ಟಣೆಯಲ್ಲಿ ಒಂದೂ ಇರುವುದಿಲ್ಲ. ದರದ ವ್ಯತ್ಯಾಸವೂ ದೊಡ್ಡದಲ್ಲ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಈ ಉಳಿತಾಯ ಬೇಡ.

ಟಿಕೆಟ್ಟಿನ ಮೇಲೆ ಹೆಸರು ಇರುವುದಿಲ್ಲ, ಗುರುತಿನ ಚೀಟಿ ಕೇಳುವುದಿಲ್ಲ. ಅಂದರೆ ಕಳೆದುಕೊಂಡರೆ ಕಳೆದ ಹಾಗೇ, ಮತ್ತೆ ಕೊಳ್ಳಬೇಕು. ಪಾಸ್‌ಪೋರ್ಟ್ ಮಾತ್ರ ಯಾವಾಗಲೂ ಜೊತೆಗಿರಲಿ, ವಿದೇಶಿಯರು ಇಟ್ಟುಕೊಂಡಿರಲೇಬೇಕು ಅನ್ನುವುದು ಅಲ್ಲಿನ ಕಾನೂನು.

ಲಗೇಜಿನ ಕಥೆ

ಬುಕ್ ಮಾಡುವ ಮುಂಚೆ ಟೇಪು ಹಿಡಿದು ಸೂಟ್‌ಕೇಸ್ ಅಳೆಯಿರಿ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿ, ಚಕ್ರವನ್ನೂ ಸೇರಿಸಿ. 160 ಸೆಂಟಿಮೀಟರ್ ದಾಟಿದರೆ ಅದು ದೊಡ್ಡ ಲಗೇಜು. ಅದಕ್ಕೆ ಬೋಗಿಯ ಕೊನೆಯ ಸಾಲಿನಲ್ಲಿ, ಹಿಂದೆ ಜಾಗ ಇರುವ ಸೀಟನ್ನೇ ತೆಗೆದುಕೊಳ್ಳಬೇಕು. ಬುಕ್ ಮಾಡುವಾಗ ಅದೊಂದು ಆಯ್ಕೆಯಾಗಿ ಬರುತ್ತದೆ, ಬೇರೆ ದುಡ್ಡಿಲ್ಲ. ಹೇಳದೆ ತಂದರೆ 1,000 ಯೆನ್ ದಂಡ. 250 ದಾಟಿದ್ದು ಒಳಗೇ ಬಿಡುವುದಿಲ್ಲ. ಈ ನಿಯಮ ತೊಕಾಯ್ದೊ ಮತ್ತು ಅಲ್ಲಿಂದ ಮುಂದಕ್ಕೆ ಕ್ಯೂಶೂವರೆಗಿನ ಮಾರ್ಗಗಳಿಗೆ.

ವಿಮಾನದಲ್ಲಿ ಸಾಮಾನ್ಯವಾಗಿ ಒಪ್ಪುವ ಅಳತೆ 158, ಹಾಗಾಗಿ ಹೆಚ್ಚಿನ ಸೂಟ್‌ಕೇಸ್‌ಗಳು ನಿಯಮದ ಒಳಗೇ ಇರುತ್ತವೆ. ಆದರೆ ಒಳಗಿದೆ ಅಂದರೆ ಅದನ್ನು ತಲೆ ಮೇಲಿನ ಅಟ್ಟಕ್ಕೆ ಎತ್ತಿಡಬೇಕು ಅಂತ ಅರ್ಥ. 23 ಕಿಲೋ ತುಂಬಿದ್ದನ್ನು ಎತ್ತುವವರು ಯಾರು? ಅಲ್ಲಿ ಕೂಲಿ ಇಲ್ಲ.

ಇದಕ್ಕೆ ಜಪಾನಿನವರೇ ಕಂಡುಕೊಂಡ ಉಪಾಯ ತಕ್ಯೂಬಿನ್. ಹೋಟೆಲ್ ಕೌಂಟರಿನಲ್ಲಿ ಸೂಟ್‌ಕೇಸ್ ಕೊಟ್ಟು ಮುಂದಿನ ಹೋಟೆಲಿನ ವಿಳಾಸ ಬರೆದುಕೊಟ್ಟರೆ ಟೋಕಿಯೋದಿಂದ ಕ್ಯೋಟೋಗೆ ಸಾಮಾನ್ಯವಾಗಿ ಮರುದಿನ ತಲುಪಿಸುತ್ತಾರೆ. ಒಂದಕ್ಕೆ ಸುಮಾರು 2,000ದಿಂದ 3,000 ಯೆನ್. ಒಂದು ರಾತ್ರಿಯ ಬಟ್ಟೆ, ಔಷಧಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಅಮ್ಮ ಮೊದಲು ಒಪ್ಪಲಿಲ್ಲ, ಸೀರೆಗಳಿವೆ, ಯಾರೋ ಏನೋ ಅಂತ. ಮರುದಿನ ಕ್ಯೋಟೋದ ಹೋಟೆಲಿನಲ್ಲಿ ನಮ್ಮ ಸೂಟ್‌ಕೇಸುಗಳು ಸಾಲಾಗಿ ನಿಂತಿದ್ದು ನೋಡಿದ ಮೇಲೆ ಮುಂದಿನ ಊರಿಗೆ ಅವಳೇ ಚೀಟಿ ಬರೆಸಿದಳು.

ಹತ್ತುವ ದಿನ

ಅರ್ಧ ಗಂಟೆ ಮುಂಚೆ ಸಾಕು. ಬ್ಯಾಗ್ ಸ್ಕ್ಯಾನಿಂಗ್ ಇಲ್ಲ, ತಪಾಸಣೆಯ ಸಾಲಿಲ್ಲ. ಆ ಅರ್ಧ ಗಂಟೆಯೂ ಬೇಕಾಗುವುದು ಟೋಕಿಯೋ ಸ್ಟೇಷನ್ ದೊಡ್ಡದು ಅನ್ನುವ ಕಾರಣಕ್ಕೆ. ಅಲ್ಲಿ ತೊಕಾಯ್ದೊ ಕಡೆಯ ಫಲಕಗಳು ನೀಲಿ, ಪ್ಲಾಟ್‌ಫಾರಂ 14ರಿಂದ 19. ಉತ್ತರದ ಗಾಡಿಗಳದ್ದು ಹಸಿರು, 20ರಿಂದ 23. ಗೇಟುಗಳೂ ಬೇರೆ ಬೇರೆ. ಕ್ಯೋಟೋಗೆ ಹೋಗುವವರು ಹಸಿರಿನ ಹಿಂದೆ ಹೋದರೆ ತಿರುಗಿ ಬರಬೇಕು.

ಲೋಕಲ್ ಗಾಡಿಯಲ್ಲಿ ಬಂದು ಒಳಗಿನಿಂದಲೇ ಶಿಂಕಾನ್ಸೆನ್‌ಗೆ ಹೋಗುವಾಗ ನಡುವೆ ಇನ್ನೊಂದು ಗೇಟು ಇರುತ್ತದೆ. ಕಾಗದದ ಟಿಕೆಟ್ಟುಗಳನ್ನೆಲ್ಲ ಒಟ್ಟಿಗೆ ಜೋಡಿಸಿ ತೂರಿಸಿ. ಸುಯಿಕಾ ತಾಗಿಸಿ ಲೋಕಲ್ ಹತ್ತಿದ್ದರೆ ಮೊದಲು ಟಿಕೆಟ್, ಆಮೇಲೆ ಅದೇ ಗೇಟಿಗೆ ಕಾರ್ಡ್. ಆ ಕಡೆ ಮೇಲೆ ಬಂದ ಟಿಕೆಟ್ಟುಗಳನ್ನು ಮರೆಯದೆ ಎತ್ತಿಕೊಳ್ಳಿ, ಇಳಿಯುವಾಗ ಬೇಕು. ಕ್ಯೂಆರ್ ತೋರಿಸಿದವರಿಗೆ ಗೇಟು ಸಣ್ಣ ಚೀಟಿ ಕೊಡುತ್ತದೆ, ಬೋಗಿ ಸೀಟು ನಂಬರ್ ಅದರಲ್ಲಿರುತ್ತದೆ.

ಫಲಕದಲ್ಲಿ ಗಾಡಿಯ ಹೆಸರು, ನಂಬರ್, ಹೊರಡುವ ಹೊತ್ತು, ಪ್ಲಾಟ್‌ಫಾರಂ ಜಪಾನಿ ಮತ್ತು ಇಂಗ್ಲಿಷ್‌ನಲ್ಲಿ ತಿರುಗುತ್ತಾ ಇರುತ್ತದೆ. ನಂಬರ್ ನೋಡಿ ಹತ್ತಿ. ಐದಾರು ನಿಮಿಷಕ್ಕೊಂದು ನೊಜೊಮಿ ಹೊರಡುವಾಗ "ನೊಜೊಮಿ ಬಂತು" ಅಂತ ಹತ್ತಿಬಿಟ್ಟರೆ ನಿಮ್ಮ ಸೀಟಿನಲ್ಲಿ ಬೇರೆಯವರು ಕೂತಿರುತ್ತಾರೆ, ತಪ್ಪು ನಿಮ್ಮದೇ ಆಗಿರುತ್ತದೆ. ಒಂದು ಸುಳಿವು: ಟೋಕಿಯೋದಿಂದ ಹೊರಡುವವಕ್ಕೆ ಬೆಸ ಸಂಖ್ಯೆ, ಟೋಕಿಯೋ ಕಡೆ ಬರುವವಕ್ಕೆ ಸಮ ಸಂಖ್ಯೆ.

ಪ್ಲಾಟ್‌ಫಾರಂ ಮೇಲೆ ಬೋಗಿ ನಂಬರ್ ಬರೆದಿರುತ್ತದೆ, ಬಾಗಿಲು ಅಲ್ಲೇ ಬಂದು ನಿಲ್ಲುತ್ತದೆ. ಬೋಗಿ ಹುಡುಕಿಕೊಂಡು ಲಗೇಜು ಎಳೆದುಕೊಂಡು ಓಡುವ ನಮ್ಮ ಪಾಡು ಅಲ್ಲಿಲ್ಲ. ಟೋಕಿಯೋದಲ್ಲಿ ಗಾಡಿ ಖಾಲಿಯಾಗಿ ಸ್ವಚ್ಛ ಆಗುವವರೆಗೆ ಬಾಗಿಲ ಹೊರಗೆ ಸಾಲಲ್ಲಿ ನಿಲ್ಲಬೇಕು. ಒಳಗೆ ಸೀಟುಗಳೆಲ್ಲ ಸರ್ರನೆ ಹೊರಡುವ ದಿಕ್ಕಿಗೆ ತಿರುಗುತ್ತವೆ, ಅಮ್ಮ ಕಿಟಕಿಗೆ ಮುಖ ಹಚ್ಚಿ ಅದನ್ನೇ ನೋಡುತ್ತಾ ನಿಂತಿದ್ದಳು. ನಾಲ್ಕು ಜನ ಇದ್ದರೆ ನೀವೂ ಮುಂದಿನ ಸೀಟನ್ನು ತಿರುಗಿಸಿ ಎದುರುಬದುರು ಕೂರಬಹುದು. ನಡುವಿನ ಸ್ಟೇಷನ್‌ಗಳಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಕ್ಯೋಟೋದಲ್ಲಿ ಇಳಿಯುವವರು ಘೋಷಣೆ ಬಂದ ತಕ್ಷಣ ಎದ್ದು ಬಾಗಿಲ ಹತ್ತಿರ ಹೋಗಿ.

ಒಳಗೆ ಕೂತ ಮೇಲೆ

ಫೋನು ಸೈಲೆಂಟ್‌ನಲ್ಲಿಡಿ, ಮಾತಾಡಬೇಕಾದರೆ ಎದ್ದು ಬೋಗಿಗಳ ನಡುವಿನ ಜಾಗಕ್ಕೆ ಹೋಗಿ. ಸ್ಪೀಕರಿನಲ್ಲಿ ವೀಡಿಯೊ ನೋಡುವುದಂತೂ ಬೇಡ. ಯಾರೂ ಬೈಯುವುದಿಲ್ಲ, ಮತ್ತೆ ಅದೇ ಮೌನ. ಕಂಡಕ್ಟರ್ ಬೋಗಿಗೆ ಬರುವಾಗ, ಹೋಗುವಾಗ ತಲೆಬಾಗಿ ವಂದಿಸುತ್ತಾರೆ, ನೀವು ಸೀಟು ನಂಬರಿನಂತೆ ಕೂತಿದ್ದರೆ ಸಾಮಾನ್ಯವಾಗಿ ಟಿಕೆಟ್ ಕೇಳುವುದೂ ಇಲ್ಲ. ಚಾರ್ಜ್ ಮಾಡುವ ಪ್ಲಗ್ಗಿಗೆ ಚಪ್ಪಟೆ ಎರಡು ಪಿನ್ ಬೇಕು, ನಮ್ಮ ಗುಂಡು ಪಿನ್ ಹೋಗುವುದಿಲ್ಲ, ಅಡಾಪ್ಟರ್ ಊರಿನಿಂದಲೇ ತನ್ನಿ.

ತಿನ್ನುವುದಕ್ಕೆ ಅಡ್ಡಿಯಿಲ್ಲ, ಅದು ಅಲ್ಲಿನ ಸಂಪ್ರದಾಯವೇ. ಸ್ಟೇಷನ್ನಿನಲ್ಲಿ ಸಿಗುವ ಬುತ್ತಿಗೆ ಎಕಿಬೆನ್ ಅಂತಾರೆ. ಸಸ್ಯಾಹಾರಿಗಳಿಗೆ ಮಾತ್ರ ಇದು ಕಷ್ಟದ ಘಟ್ಟ. ನೋಡಲು ಬರೀ ತರಕಾರಿ ಇದ್ದರೂ ಬೇಯಿಸಿದ ಸಾರಿನಲ್ಲಿ ಮೀನು ಇರುತ್ತದೆ, ದಾಶಿ ಅನ್ನುವುದು ಅದನ್ನೇ. ಟೋಕಿಯೋ ಸ್ಟೇಷನ್ನಿನ ಗೇಟಿನ ಒಳಗೆ ಟೀಸ್ ತಾನ್‌ತಾನ್ ಅಂತ ಪೂರ್ತಿ ಸಸ್ಯಾಹಾರದ ರಾಮೆನ್, ಅಂದರೆ ಸಾರಿನಲ್ಲಿ ಹಾಕಿದ ನೂಡಲ್ಸ್, ಅಂಗಡಿ ಇದೆ, ಶಿಂಕಾನ್ಸೆನ್ ಗೇಟಿಗೆ ಹೋಗುವ ಮುಂಚೆ ತಿಂದುಕೊಂಡು ಹೋಗಬಹುದು. ಇಲ್ಲವಾದರೆ ಅಂಗಡಿಯಲ್ಲಿ ಬರೀ ಉಪ್ಪು ಹಾಕಿದ ಅನ್ನದ ಉಂಡೆ ಸಿಗುತ್ತದೆ. ಅದಕ್ಕೆ ನಮ್ಮ ಚಟ್ನಿಪುಡಿ ಉದುರಿಸಿಕೊಂಡು ನೋಡಿ, 285ರ ವೇಗದಲ್ಲಿ ಅಷ್ಟು ರುಚಿಯಾದದ್ದು ನಾನು ಇನ್ನೇನೂ ತಿಂದಿಲ್ಲ. ಒಣ ಕೋಡುಬಳೆ, ಅವಲಕ್ಕಿ ತನ್ನಿ. ಹಸಿ ಹಣ್ಣು, ಕರಿಬೇವು, ಮಾಂಸದ ಯಾವ ಪದಾರ್ಥವನ್ನೂ ಜಪಾನಿಗೆ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತಿಡುತ್ತಾರೆ. ತೊಕಾಯ್ದೊ ಗಾಡಿಗಳ ಮಾಮೂಲಿ ಬೋಗಿಯಲ್ಲಿ ತಳ್ಳುಗಾಡಿಯ ಮಾರಾಟ 2023ರ ಅಕ್ಟೋಬರ್ ಕೊನೆಗೆ ನಿಂತಿತು. ಕಾಫಿ ಬರುತ್ತದೆ ಅಂತ ಕಾಯಬೇಡಿ, ಪ್ಲಾಟ್‌ಫಾರಂನಲ್ಲೇ ಕೊಂಡುಕೊಂಡು ಹತ್ತಿ.

ಗಾಡಿ ತಪ್ಪಿದರೆ, ತಡವಾದರೆ

ಗಾಡಿ ತಪ್ಪಿಸಿಕೊಂಡರೆ ಟಿಕೆಟ್ ಪೂರ್ತಿ ದಂಡ ಅಲ್ಲ. ಅದೇ ದಿನದ ಮುಂದಿನ ಗಾಡಿಯ ಕಾಯ್ದಿರಿಸದ ಬೋಗಿಯಲ್ಲಿ ಹೋಗಬಹುದು, ಸೀಟಿನ ಗ್ಯಾರಂಟಿ ಮಾತ್ರ ಹೋಯಿತು. ರಿಯಾಯಿತಿ ಟಿಕೆಟ್‌ಗಳಿಗೆ ಈ ಉದಾರತೆ ಇರುವುದಿಲ್ಲ, ಅದಕ್ಕೇ ಷರತ್ತು ಓದಿ ಅಂದಿದ್ದು. ಗಾಡಿಯೇ ಎರಡು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾಗಿ ತಲುಪಿದರೆ ವೇಗದ ಗಾಡಿಯ ಹೆಚ್ಚುವರಿ ದರ ವಾಪಸ್ ಕೊಡುತ್ತಾರೆ. ಚಂಡಮಾರುತದ ದಿನಗಳಲ್ಲಿ ಸೇವೆಯನ್ನೇ ಮುಂಚಿತವಾಗಿ ಹೇಳಿ ನಿಲ್ಲಿಸುವುದುಂಟು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗುವವರು ಊರಿಗೆ ಮರಳುವ ವಿಮಾನದ ದಿನ ಬೆಳಗ್ಗೆಯೇ ಕ್ಯೋಟೋದಿಂದ ಹೊರಡುವ ಯೋಜನೆ ಹಾಕಬೇಡಿ, ಹಿಂದಿನ ರಾತ್ರಿಯೇ ಟೋಕಿಯೋ ಸೇರಿ. ಮಧ್ಯರಾತ್ರಿಯಿಂದ ಬೆಳಗ್ಗೆ ಆರರವರೆಗೆ ಶಿಂಕಾನ್ಸೆನ್ ಓಡುವುದೇ ಇಲ್ಲ.

ಇಳಿದ ಮೇಲೆ

ಹೊರಗೆ ಹೋಗುವ ಗೇಟಿಗೂ ಎರಡೂ ಟಿಕೆಟ್ ಒಟ್ಟಿಗೆ. ಅಮ್ಮ ಈ ಸಲ ಪಾಠ ಕಲಿತಿದ್ದಳು, ಎರಡನ್ನೂ ನೀಟಾಗಿ ಜೋಡಿಸಿ ತೂರಿಸಿದಳು, ಗೇಟು ತೆರೆಯಿತು. ಆ ಕಡೆ ಹೋಗಿ ಟಿಕೆಟ್ ಬರುತ್ತದೆ ಅಂತ ಕಾಯುತ್ತಾ ನಿಂತಳು. ಬರಲಿಲ್ಲ. ಕೊನೆಯ ಗೇಟು ನುಂಗಿಬಿಡುತ್ತದೆ. "ಮನೇಲಿ ತೋರಿಸೋಣ ಅಂತಿದ್ದೆ" ಅಂದಳು.

ಟಿಕೆಟ್ ನೆನಪಿಗೆ ಬೇಕಾದರೆ ಯಂತ್ರದ ಗೇಟಿಗೆ ಹೋಗಬೇಡಿ. ಪಕ್ಕದಲ್ಲಿ ಸಿಬ್ಬಂದಿ ಇರುವ ಕಿಟಕಿಗೆ ಹೋಗಿ ಟಿಕೆಟ್ ತೋರಿಸಿ, ಇಟ್ಟುಕೊಳ್ಳಬಹುದಾ ಅಂತ ಕೇಳಿ, ಕೈಸನ್ನೆ ಮಾಡಿದರೂ ಅರ್ಥವಾಗುತ್ತದೆ. ಬಳಸಿ ಆಯಿತು ಅನ್ನುವ ಮುದ್ರೆ ಒತ್ತಿ ವಾಪಸ್ ಕೊಡುತ್ತಾರೆ. ಹಿರೋಶಿಮಾದಿಂದ ಬಂದ ಟಿಕೆಟ್ಟಿಗೆ ಹಾಗೇ ಮಾಡಿಸಿದೆವು, ಅದು ಈಗ ಅಮ್ಮನ ಪರ್ಸಿನಲ್ಲಿ ರಾಯರ ಫೋಟೋ ಪಕ್ಕದಲ್ಲಿದೆ.